ಹಿಂದಕ್ಕೆ ತಿರುಗಿಸಿದ ತಾರೀಖು

ನಮ್ಮ ಅಂಗಡಿಯ ಕಂಪ್ಯೂಟರು ವೈರಸ್ಸಿಗೆ ತುತ್ತಾದದ್ದು ವಿಶಾಲತ್ತಿಗೆಯಿಂದಲ್ಲ, ನನ್ನಿಂದ. ಅದು ಗೊತ್ತಿದ್ದೂ ಗಿರಾಕಿಗಳೆದುರು ತಪ್ಪನ್ನು ಅವರ ತಲೆಗೆ ಕಟ್ಟಿದೆ. ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ — ಅವರೂ ಕೇಳಲಿಲ್ಲ, ಅದೇ ನನಗೆ ಅನುಕೂಲವಾಯಿತು.

ಅಜ್ಜಂಪುರದ ಬಸ್ ಸ್ಟ್ಯಾಂಡ್ ಹತ್ತಿರ ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ ನಮ್ಮದು. ವಿಶಾಲತ್ತಿಗೆ ನನ್ನ ಅಣ್ಣನ ಹೆಂಡತಿ. ಅಂಗಡಿಯ ಕಂಪ್ಯೂಟರಿನಲ್ಲೇ ಟೈಪಿಂಗ್ ತಾವೇ ಕಲಿತವರು. 'ಸುಖಾಗಮನ ಬಯಸುವವರು' ಎಂಬ ಸಾಲಿನ ಕೆಳಗೆ ಯಾರ ಹೆಸರು ಮೊದಲು ಬರಬೇಕೆಂದು ನೆಂಟರು ಅಂಗಡಿಯಲ್ಲೇ ಜಗಳಕ್ಕೆ ನಿಂತರೆ, ಅತ್ತಿಗೆ ಸುಮ್ಮನೆ ಎಲ್ಲರ ಮಾತು ಕೇಳಿ, ಯಾರ ಮುಖವೂ ಸಣ್ಣಗಾಗದ ಹಾಗೆ ಜೋಡಿಸಿಬಿಡುತ್ತಿದ್ದರು. ಜನ ಹುಡುಕಿಕೊಂಡು ಬರುತ್ತಿದ್ದದ್ದು ಅವರನ್ನು, ನನ್ನನ್ನಲ್ಲ. ನನಗೆ ಹೆಮ್ಮೆ — ಒಳಗೊಳಗೆ ಸ್ವಲ್ಪ ಹೊಟ್ಟೆಯುರಿಯೂ ಇತ್ತು.

ನನ್ನ ಪಾಲಿನ ಕೆಲಸ ಜಾತಕ ತೆಗೆದುಕೊಡುವುದು. ಆ ಪ್ರೋಗ್ರಾಮು ಕೊಂಡದ್ದಲ್ಲ, ಕೆಲವು ದಿನ ಬಳಸಿ ನೋಡಲು ಬಿಟ್ಟಿ ಸಿಗುವಂಥದ್ದು. ಅವಧಿ ಮುಗಿದಾಗ ಕಂಪ್ಯೂಟರಿನ ತಾರೀಖನ್ನೇ ಹಿಂದಕ್ಕೆ ತಿರುಗಿಸಿದೆ. ಯಾರಿಗೂ ಕಾಣದಿರಲೆಂದು ಪರದೆಯ ಮೂಲೆಯ ಗಡಿಯಾರವನ್ನೂ ಮರೆಮಾಡಿದೆ. ಜಾತಕ ಬರತೊಡಗಿತು. ಊರಿನವರ ಭವಿಷ್ಯ ಹೇಳುವ ಯಂತ್ರಕ್ಕೆ ಇವತ್ತು ಯಾವ ದಿನವೆಂದೇ ಗೊತ್ತಿರಲಿಲ್ಲ. ಆದರೆ ತಾರೀಖು ತಪ್ಪಿದ್ದರಿಂದ ಅಂದಿನಿಂದ ಆಂಟಿವೈರಸ್ ಅಪ್‌ಡೇಟ್ ಆಗುವುದು ನಿಂತಿತು.

ಅತ್ತಿಗೆ ಬಿಡಲಿಲ್ಲ. ಬೇಡದ ಫೈಲು ಅಳಿಸಿ ಜಾಗ ಮಾಡಿದರು, ಆಂಟಿವೈರಸ್ಸನ್ನು ತೆಗೆದು ಮತ್ತೆ ಹಾಕಿದರು, ನೆಟ್ಟಿನ ವೈರು ಬಿಚ್ಚಿ ಸಿಕ್ಕಿಸಿದರು. ಮುದಿ ಯಂತ್ರ, ಪ್ರತಿಯೊಂದಕ್ಕೂ ಕಾಯಿಸುತ್ತಿತ್ತು. ಅವರು ಪಕ್ಕದಲ್ಲಿ ಪತ್ರಿಕೆ ಮಡಚುತ್ತಾ ಕಾಯುತ್ತಿದ್ದರು. ಎಂಥ ತಾಳ್ಮೆ ಅದು! ಕೊನೆಗೆ ಆಂಟಿವೈರಸ್ಸಿನವರಿಗೆ ಫೋನು ಮಾಡಿದರು. ಮಾತಿನ ನಡುವೆ ಫೋನನ್ನು ಕಿವಿಯಿಂದ ಸರಿಸಿ ನನ್ನ ಕಡೆ ತಿರುಗಿದರು.

"ತಾರೀಖು ಸರಿಯಾಗೈತಾ ಅಂತ ಕೇಳ್ತಾವ್ರೆ. ಸರಿ ಐತೇನಪ್ಪಾ?"

"ಸರಿಯಾಗೈತೆ ಬಿಡಿ ಅತ್ತಿಗೆ," ಅಂದೆ.

ನಂಬಿದರು. ಸಿಪಿಯುವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರೀಕೆರೆಗೆ ರಿಪೇರಿಗೆ ಒಯ್ದರು. ಹೊರಡುವ ಮುಂಚೆ ನಾನು ಗುಟ್ಟಾಗಿ ತಾರೀಖು ಸರಿಮಾಡಿದ್ದೆ. ಅಲ್ಲಿ ತಕ್ಷಣ ಅಪ್‌ಡೇಟ್ ಆಯಿತು. ಖುಷಿಯಿಂದ ತಂದಿಟ್ಟರು. ನಾನು ಮತ್ತೆ ಹಿಂದಕ್ಕೆ ತಿರುಗಿಸಿದೆ. ಮತ್ತೆ ಅಪ್‌ಡೇಟ್ ನಿಂತಾಗ, ತಮ್ಮ ಕೈಗುಣವೇ ಸರಿಯಿಲ್ಲವೆಂದು ಅತ್ತಿಗೆ ನಕ್ಕರು.

ಮದುವೆಯ ಸೀಸನ್ನಿನಲ್ಲೇ ವೈರಸ್ ಹೊಕ್ಕಿತು. ಅಚ್ಚಿಗೆ ಹೋಗಬೇಕಿದ್ದ ಪತ್ರಿಕೆಗಳ ಫೈಲು ಒಂದೂ ತೆರೆಯಲಿಲ್ಲ. ಯಾರ ಪೆನ್ ಡ್ರೈವಿನಿಂದ ಬಂತೋ — ದಿನಾ ಎಷ್ಟೋ ಜನ ತರುತ್ತಿದ್ದರು, ಅತ್ತಿಗೆಯ ಕೈಚೀಲದಲ್ಲೂ ಒಂದಿರುತ್ತಿತ್ತು. ಗಿರಾಕಿಗಳು ಸಿಟ್ಟಿನಿಂದ ಎದುರು ನಿಂತಿದ್ದರು. ನಾನು —

"ನಿಮ್ ಪೆನ್ ಡ್ರೈವಿಂದ್ಲೇ ಬಂದಿರೋದು ಅತ್ತಿಗೆ," ಅಂದುಬಿಟ್ಟೆ.

ಅವರು ಎಲ್ಲರ ಕ್ಷಮೆ ಕೇಳಿ, ಕರಡು ಪ್ರತಿಗಳನ್ನು ಎತ್ತಿಕೊಂಡು ಕಡೂರಿನ ಗೆಳತಿಯ ಅಂಗಡಿಗೆ ಹೋಗಿ, ಅಷ್ಟೂ ಪತ್ರಿಕೆಗಳನ್ನು ಮೊದಲಿನಿಂದ ಟೈಪ್ ಮಾಡಿ ತಂದರು. ಯಾರ ಮದುವೆಗೂ ಪತ್ರಿಕೆ ತಡವಾಗಲಿಲ್ಲ. ಆಮೇಲೆ ಅಂಗಡಿಗೆ ಬರುವುದನ್ನೇ ಬಿಟ್ಟರು.

ಮೊನ್ನೆ ಬಂದರು, ಮಗಳ ಮದುವೆ ಪತ್ರಿಕೆ ಮಾಡಿಸಲು. ನೀವೇ ಕೂತು ಟೈಪ್ ಮಾಡಿ ಅತ್ತಿಗೆ ಎಂದೆ. ಬೇಡವೆಂದು ತಲೆಯಾಡಿಸಿ, ತಮ್ಮಿಂದ ಮತ್ತೇನೂ ಅಂಟದಿರಲೆಂಬಂತೆ ಕೈಚೀಲವನ್ನು ಬಾಗಿಲ ಹೊರಗೇ ಇಟ್ಟು, ಮೇಜಿಗೆ ತಾಗದಂತೆ ನಿಂತು ಹೆಸರುಗಳನ್ನು ಹೇಳಿದರು. 'ಸುಖಾಗಮನ ಬಯಸುವವರು' ಬಂದಾಗ ಸ್ವಲ್ಪ ಯೋಚಿಸಿದರು.

"ಮೊದ್ಲು ನಿನ್ ಹೆಸ್ರು ಹಾಕಪ್ಪಾ. ನಂಗೆ ಕಂಪ್ಯೂಟರ್ ಮುಟ್ಟೋಕೆ ಬಿಟ್ಟೋನು ನೀನು."

ಉಳಿದವರ ಹೆಸರೆಲ್ಲ ಟೈಪ್ ಮಾಡಿದೆ. ಆ ಜಾಗ ಇನ್ನೂ ಖಾಲಿ ಇದೆ. ಇಷ್ಟು ವರ್ಷವೂ ಹಾಗೇ ನಡೆಸಿಕೊಂಡು ಬಂದಿದ್ದ ಜಾತಕದ ಪ್ರೋಗ್ರಾಮನ್ನು ಇಂದು ತೆಗೆದುಹಾಕಿದೆ, ತಾರೀಖು ಸರಿಮಾಡಿದೆ — ಅದರಿಂದ ಅತ್ತಿಗೆಗೆ ಏನೂ ವಾಪಸು ಬರುವುದಿಲ್ಲ. ನಾಲ್ಕು ಜನರೆದುರು ಹೊರಿಸಿದ್ದನ್ನು ನಾಲ್ಕು ಜನರೆದುರೇ ಇಳಿಸಬೇಕು. ಸಂಜೆ ಅವರ ಮನೆಯಲ್ಲಿ ನೆಂಟರೆಲ್ಲ ಸೇರುತ್ತಾರೆ, ಅಲ್ಲಿ ಹೇಳುತ್ತೇನೆ. ನನ್ನ ಹೆಸರು ಪತ್ರಿಕೆಯಲ್ಲಿ ಎಲ್ಲಿರಬೇಕು, ಇರಬೇಕೋ ಬೇಡವೋ, ಆಮೇಲೆ ಅವರೇ ಹೇಳಲಿ.