ನಡುಕದ ಓಟು

ಗೆಳೆಯರೇ, ಇವತ್ತು ನಾನು ತುಟಿ ಬಿಚ್ಚದೆ ನನ್ನ ವಿರುದ್ಧವೇ ಓಟು ಹಾಕಿ ಬಂದೆ.

ಚಳಿಜ್ವರ ಅಂತ ಖಾಲಿ ಬಾಟಲಿ ಹಿಡಿದು ಪಾಲಿಬೆಟ್ಟದ ಡಿಸ್ಪೆನ್ಸರಿಗೆ ಹೋಗಿದ್ದೆ. ಜಗಲಿಯಲ್ಲಿ ಜೋರು ಚರ್ಚೆ. ಯುದ್ಧ ಶುರುವಾದ ಮೇಲೆ ಚಳಿಜ್ವರದ ಮದ್ದು ಕ್ವಿನೈನ್ ಬೆಲೆ ಏರಿದೆಯಲ್ಲ, ಅದಕ್ಕೆ.

"ಎಲ್ಲರಿಂದ ವರ್ಷಕ್ಕಿಷ್ಟು ಅಂತ ದುಡ್ಡು ಎತ್ತಲಿ, ಕಾಯಿಲೆ ಬಿದ್ದವರನ್ನು ಸರ್ಕಾರವೇ ನೋಡ್ಕೊಳ್ಳಲಿ" ಎಂದರು ಶಾಲೆಯ ಮೇಷ್ಟ್ರು.

ಕಾಫಿ ತೋಟದ ಸಾಹುಕಾರರು ನಕ್ಕರು. "ಸರ್ಕಾರ ಯಾಕೆ ಮೇಷ್ಟ್ರೇ? ಎಲ್ರಿಗೂ ಮನೆ, ಒಕ್ಕ, ಬಂಧುಬಳಗ ಅಂತ ಇಲ್ವಾ? ಅವರು ನೋಡ್ಕೊಳ್ತಾರೆ. ಏನಂತೀರಿ ರೈಟರೇ?"

ನಾನು ಗಡಗಡ ನಡುಗುತ್ತಿದ್ದೆ. ಮೈಯ ಜೊತೆ ತಲೆಯೂ ಅಲ್ಲಾಡಿತು.

"ನೋಡಿ, ರೈಟರೂ ಹೌದು ಅಂದ್ರು!" ಚರ್ಚೆ ಅಲ್ಲಿಗೆ ಮುಗಿಯಿತು.

ಘಟ್ಟದ ಕೆಳಗಿಂದ ಒಬ್ಬನೇ ಬಂದು ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ನಾನು. ನನಗೆ ಇಲ್ಲಿ ಕ್ವಾರ್ಟರ್ಸ್ ಉಂಟು, ಮನೆ ಇಲ್ಲ. ಅದನ್ನು ಹೇಳೋಣವೆಂದರೆ ಹಲ್ಲು ಹಲ್ಲಿಗೆ ಬಡಿಯುತ್ತಿತ್ತು.

ಕಾಂಪೌಂಡರ್ ನನ್ನ ಬಾಟಲಿಗೆ ಮಿಕ್ಸ್ಚರ್ ತುಂಬಿ ಕೊಟ್ಟರು. "ಕುಡಿಯೋ ಮೊದಲು ಚೆನ್ನಾಗಿ ಕುಲುಕಬೇಕು. ನಿಮಗೆ ಸುಸ್ತಿದೆ, ಮನೆಯವ್ರಿಗೆ ಹೇಳಿ, ಕುಲುಕಿ ಕೊಡ್ತಾರೆ."

ಯಾರಿಗೂ ಹೇಳಬೇಕಾಗಿ ಬರಲಿಲ್ಲ. ಬಾಟಲಿ ಕೈಯಲ್ಲಿ ಹಿಡಿದು ಕೂತಿದ್ದೇನೆ, ತಾನಾಗಿಯೇ ಕುಲುಕುತ್ತಿದೆ.