ಸತ್ತಿದೆಯೆಂದು ಕೊಟ್ಟ ಆಸಿಲೋಸ್ಕೋಪ್

ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಮೆಕ್ಯಾನಿಕ್‌ಗೆ ಹಳೆಯ ಕಂಪ್ಯೂಟರುಗಳ ಹುಚ್ಚು. ಊರವರು ಎಸೆದದ್ದನ್ನು ಹೊತ್ತು ತಂದು, ಹೆಂಡತಿಯಿಂದ ಬೈಸಿಕೊಂಡು, ಮತ್ತೆ ಬದುಕಿಸುತ್ತಿದ್ದ. ಅದಕ್ಕೆ ಬೇಕಿದ್ದದ್ದು ಆಸಿಲೋಸ್ಕೋಪ್: ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಹಸಿರು ಗೆರೆಯಾಗಿ ತೋರಿಸುವ ಉಪಕರಣ. ವರ್ಷವಿಡೀ ಹುಡುಕಿದ್ದ. ಒಂದರ ಪರದೆ ಸುಟ್ಟಿತ್ತು, ಇನ್ನೊಂದಕ್ಕೆ ಒಂದೇ ಚಾನೆಲ್, ಅಂದರೆ ಒಮ್ಮೆಗೆ ಒಂದೇ ಗೆರೆ, ಮತ್ತೊಂದರ ನಾಬುಗಳೇ ಉದುರಿದ್ದವು.

ಕೊನೆಗೆ, ತೀರಿಕೊಂಡ ರೇಡಿಯೋ ರಿಪೇರಿಯವರೊಬ್ಬರ ಮನೆಗೆ ಹೋದ. ಅವರ ಹೆಂಡತಿ ಕೋಣೆಯ ಬಾಗಿಲು ತೆಗೆದರು. ಎರಡು ಚಾನೆಲ್‌ನ ಉಪಕರಣ, ಮೇಲೆ ಚೂರೂ ಧೂಳಿಲ್ಲ.

"ಸತ್ತೋಗಿದೆ ಅಂತ ಅವರೇ ಹೇಳಿದ್ರು. ಗುಜರಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ಬೇಕಿದ್ರೆ ಸುಮ್ನೆ ತಗೊಂಡ್ಹೋಗಿ."

ಸ್ವಿಚ್ ಹಾಕಿದ. ದೀಪ ಹತ್ತಿತು, ಪರದೆ ಕಪ್ಪು. ನೋಡಿದರೆ, ಬೆಳಕು ಹೆಚ್ಚು-ಕಡಿಮೆ ಮಾಡುವ ನಾಬ್ ಪೂರ್ತಿ ಕೆಳಕ್ಕೆ ತಿರುಗಿತ್ತು. ಆಕೆ ನೀರು ತರಲು ಹೋದಾಗ ಕೊಂಚ ಮೇಲಕ್ಕೆ ತಿರುಗಿಸಿದ. ಹಸಿರು ಗೆರೆ ಮೂಡಿತು, ಸೂಜಿಯಷ್ಟು ತೆಳ್ಳಗೆ. ಹೆಜ್ಜೆ ಸಪ್ಪಳ ಕೇಳಿದ್ದೇ ಆರಿಸಿಬಿಟ್ಟ.

"ಏನಾದ್ರೂ ಬಂತಾ?"

"ಇಲ್ಲಮ್ಮ. ಬಿಡಿಭಾಗಕ್ಕೆ ಆಗುತ್ತೆ ಅಷ್ಟೇ."

ಅದರಿಂದ ಕಂಪ್ಯೂಟರೊಂದು ಬದುಕಿತು. ಎಂದೂ ಹೊಗಳದ ಅವನ ಹೆಂಡತಿಯೂ ಹೊಗಳಿದಳು. ಇವನು ಮುಖ ತಿರುಗಿಸಿದ. ಆ ಗೆರೆ ಕಂಡಾಗಲೆಲ್ಲ ಆ ಅಮ್ಮನಿಗೆ ಹೇಳಿದ ಸುಳ್ಳು ನೆನಪಾಗುತ್ತಿತ್ತು. ಭಾನುವಾರ ಬೆಳಿಗ್ಗೆ ಉಪಕರಣವನ್ನು ಹೊತ್ತುಕೊಂಡೇ ಹೋಗಿ ಆಕೆಯ ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದ.

"ಇದು ನಡೀತಿದೆ ಅಮ್ಮ. ನಿಮ್ದು, ನಿಮ್ಗೇ ಸೇರ್ಬೇಕು."

ಆಕೆ ಗೆರೆಯನ್ನೇ ನೋಡುತ್ತ ನಿಂತರು. "ಆಗ್ಲೇ ಅವರ ಕಣ್ಣು ಮಂಜಾಗಿತ್ತು. ಇದು ಹೋಯ್ತು ಅಂದ ದಿನದಿಂದ ಅವರು ಈ ಕೋಣೆಗೆ ಕಾಲಿಡ್ಲಿಲ್ಲ. ಕೊನೇ ಮೂರು ತಿಂಗಳು ಕಿಟಕಿ ಹತ್ರ ಕೂತೇ ಕಳೆದ್ರು. ಏನಾಗಿತ್ತು ಇದಕ್ಕೆ?"

ಅವನು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಅಂದರು: "ದಿನಾ ಒರೆಸ್ತಿದ್ದೋಳು ನಾನೇ. ಒಂದೊಂದು ನಾಬಿಗೂ ಬಟ್ಟೆ ಸುತ್ತಿ ಉಜ್ತಿದ್ದೆ. ನನ್ನ ಕೈಯಿಂದಾನೇ ಏನಾದ್ರೂ ಆಯ್ತಾ?"

ಬಟ್ಟೆಯೊಳಗೆ ಕೆಳಕ್ಕೆ ತಿರುಗುವ ಆ ಬೆಳಕಿನ ನಾಬ್ ಅವನ ಕಣ್ಣಿಗೆ ಕಟ್ಟಿತು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡ.

"ಛೆ, ಇಲ್ಲಮ್ಮ. ಒಳಗಡೆ ಒಂದು ತಂತಿ ಬಿಟ್ಟಿತ್ತು. ಬೆಸುಗೆ ಹಾಕ್ದೆ."

ಆಕೆ ಕುರ್ಚಿಗೆ ಕುಸಿದು ದೀರ್ಘವಾಗಿ ಉಸಿರು ಬಿಟ್ಟರು. "ಹಾಗಾದ್ರೆ ಬದುಕಿಸಿದ್ದು ನೀವು. ನಿಮ್ಮ ಹತ್ರಾನೇ ಇರ್ಲಿ."

ಬೇಡವೆಂದರೂ ಕೇಳಲಿಲ್ಲ, ಹೊರಿಸಿಯೇ ಕಳಿಸಿದರು.

ಆಕೆ ಈಗ ಸಿಕ್ಕವರಿಗೆಲ್ಲ ಅವನ ಕೈಗುಣ ಹೊಗಳುತ್ತಾರೆ. ಅದನ್ನು ಕೇಳಿ ಕೆಟ್ಟ ರೇಡಿಯೋ ಹಿಡಿದು ಬಂದ ಯಾರನ್ನೂ ಅವನು ವಾಪಸು ಕಳಿಸಿದ್ದಿಲ್ಲ. "ಆ ಅಮ್ಮ ಹೇಳಿದ್ರು, ನೀವು ದೇವರಂಥೋರಂತೆ" ಎಂದು ಯಾರಾದರೂ ಅಂದರೆ ಮಾತ್ರ, "ಇಟ್ಟು ಹೋಗಿ" ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತಾನೆ.