ನೆಗ್ಗಿಲ ಕಷಾಯ, ಟಾಯ್ಲೆಟ್ಟಿನ ಬೀಗ

ಆ ಹೊಲಿಗೆ ಕಾರ್ಖಾನೆಯಲ್ಲಿ ಅವಳಿಗೆ ಕಾಲರ್ ಅಕ್ಕ ಎಂದೇ ಹೆಸರು. ಅಂಗಿಗೆ ಕಾಲರ್ ಕೂರಿಸುವುದರಲ್ಲಿ ಎತ್ತಿದ ಕೈ. ಆದರೆ ಗಂಟಲು ಒಣಗಿದರೂ ಗುಟುಕು ನೀರು ಮುಟ್ಟುತ್ತಿರಲಿಲ್ಲ. ಹೆಂಗಸರ ಟಾಯ್ಲೆಟ್ಟಿಗೆ ಬೀಗ, ಬೀಗದ ಕೈ ಸೂಪರ್‌ವೈಸರನ ಜೇಬಿನಲ್ಲಿ. ಆ ಮಹಾರಾಯ ಬಾಗಿಲು ತೆಗೆಯುತ್ತಿದ್ದದ್ದು ಊಟದ ಹೊತ್ತಿಗೆ ಮಾತ್ರ. ಹೆಂಗಸರು ಪದೇ ಪದೇ ಎದ್ದರೆ ಕೆಲಸ ಕೆಡುತ್ತದಂತೆ. ಅವನ ತಲೆ!

ನೀರು ಕುಡಿಯದೆ ಕುಡಿಯದೆ ಅವಳಿಗೆ ಉರಿಮೂತ್ರ ಗಂಟುಬಿತ್ತು. ಡಾಕ್ಟರಮ್ಮ ಮಾತ್ರೆ ಕೊಟ್ಟರು. ಧಾರಾಳವಾಗಿ ನೀರು ಕುಡಿ, ಬಂದಾಗ ತಡೆಯಬೇಡ, ಇದು ಕಿಡ್ನಿಗೆ ಏರಿದರೆ ಕಷ್ಟ ಎಂದರು. ತಮ್ಮದೂ ಒಂದಿರಲಿ ಎಂದು ಅತ್ತೆ ರೈಲು ಹಳಿಯ ಪಕ್ಕದ ಬಯಲಿಗೆ ಹೋಗಿ ನೆಗ್ಗಿಲು ಮುಳ್ಳು ಆರಿಸಿ ತಂದರು. ಸೈಕಲ್ ಚಕ್ರದ ಗಾಳಿ ತೆಗೆಯುವ ಆ ಹಾಳು ಕಾಯಿಯನ್ನೇ ಜಜ್ಜಿ, ಕುದಿಸಿ, ಸೋಸಿ ಫ್ಲಾಸ್ಕಿಗೆ ತುಂಬಿದರು. ಉರಿಮೂತ್ರಕ್ಕೆ ಅವರಮ್ಮ ಕೊಡುತ್ತಿದ್ದದ್ದೂ ಅದೇ.

"ಕುಡಿದ್ರೆ ಹೋಗ್ಬೇಕಾಗುತ್ತೆ ಅತ್ತೆ. ಅಲ್ಲಿ ಬೀಗ ಇದೆ."

"ಬೀಗಕ್ಕೆ ಕಷಾಯ ನಂಗೆ ಗೊತ್ತಿಲ್ಲಮ್ಮ. ಅದನ್ನ ನೀನೇ ಹುಡುಕು."

ಕಾರ್ಖಾನೆಯಲ್ಲಿ ಪಕ್ಕದ ಮೆಷಿನ್ನಿನವಳು ಫ್ಲಾಸ್ಕಿನಲ್ಲಿ ಏನೆಂದು ಕೇಳಿದಳು. ಇವಳು ಮುಚ್ಚುಮರೆಯಿಲ್ಲದೆ ಹೇಳಿದಳು. ನೋಡಿದರೆ ಅಂಗಿಯ ತೋಳು ಹೊಲಿಯುವವಳಿಗೂ ಅದೇ ಉರಿ, ಗುಂಡಿ ಹಚ್ಚುವವಳಿಗೂ ಅದೇ ಉರಿ! ನಾಚಿಕೆಗೆ ಯಾರೂ ಬಾಯಿ ಬಿಟ್ಟಿರಲಿಲ್ಲ, ಅಷ್ಟೆ. ಮರುದಿನ ಅತ್ತೆ ದೊಡ್ಡ ಪಾತ್ರೆಯನ್ನೇ ಒಲೆಗಿಟ್ಟರು. ಬೆಳಿಗ್ಗೆ ಕಾರ್ಖಾನೆಗೆ ಬಂದವರೆಲ್ಲ ಅವಳು ಹೊತ್ತು ತಂದ ಕಷಾಯವನ್ನು ಮುಖ ಸಿಂಡರಿಸಿಕೊಂಡು ಲೋಟಗಟ್ಟಲೆ ಕುಡಿದರು, ಮೇಲೆ ನೀರನ್ನೂ ಕುಡಿದರು.

ಊಟಕ್ಕೆ ಇನ್ನೂ ಬಹಳ ಹೊತ್ತಿತ್ತು. ಕಾಲರ್ ಅಕ್ಕ ಮೆಷಿನ್ ನಿಲ್ಲಿಸಿ ಬೀಗದ ಬಾಗಿಲ ಮುಂದೆ ಹೋಗಿ ನಿಂತಳು.

"ಊಟದ ಹೊತ್ತಿಗೆ ಬಾ. ಇಲ್ಲಾಂದ್ರೆ ನಾಳೆಯಿಂದ ಬರ್ಲೇಬೇಡ," ಎಂದ ಸೂಪರ್‌ವೈಸರ್.

ಅವಳ ಮನೆ ನಡೆಯುತ್ತಿದ್ದದ್ದೇ ಆ ಕೆಲಸದಿಂದ. ಆದರೂ ಜಗ್ಗಲಿಲ್ಲ. ಕಾಲರ್ ಕೂರದೆ ಅಂಗಿ ಮುಂದಿನ ಮೆಷಿನ್ನಿಗೆ ಹೋಗುವಂತಿಲ್ಲ. ಅವಳ ಮೇಜಿನ ಮೇಲೆ ಕೊರಳಿಲ್ಲದ ಅಂಗಿಗಳ ರಾಶಿ ಏರಿತು, ಮುಂದಿನವರ ಕೈ ಖಾಲಿಯಾಯಿತು. ಗುಂಡಿಯವಳು ಎದ್ದು ಬಂದು ಅವಳ ಹಿಂದೆ ನಿಂತಳು. ಅವಳ ಹಿಂದೆ ಇನ್ನೊಬ್ಬಳು. ಕೊನೆಗೆ ಇಡೀ ಹಾಲಿನ ಮೆಷಿನ್ನುಗಳೆಲ್ಲ ನಿಂತವು. ಹೊರಗೆ ಸರಕು ಒಯ್ಯಲು ಬಂದ ಲಾರಿಯವನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ.

"ನೀರು ಕುಡಿದಿದ್ದೀವಿ ಸಾರ್," ಎಂದಳು ಕಾಲರ್ ಅಕ್ಕ. "ದಿನಾ ಕುಡೀತೀವಿ."

ಸೂಪರ್‌ವೈಸರ್ ಬೆವರು ಒರೆಸಿಕೊಳ್ಳುತ್ತ ಬೀಗ ತೆಗೆದ. ಕೊನೆಯವಳು ಹೊರಬಂದಳೆಂದು ಮತ್ತೆ ಹಾಕಲು ಹೋದರೆ, ಮೊದಲು ಹೋಗಿಬಂದವಳು ಪುನಃ ಬಂದು ನಿಂತಿದ್ದಳು. ಕಷಾಯದ ಮಹಿಮೆ! ಸಂಜೆಯವರೆಗೂ ಇದೇ ಕಥೆ. ಅವನು ಸುಸ್ತಾಗಿ ಬೀಗವನ್ನು ಕಾಲರ್ ಅಕ್ಕನ ಮೇಜಿನ ಮೇಲೆ ಕುಕ್ಕಿ, "ನೀನೇ ಇಟ್ಕೋ," ಎಂದು ಹೊರಟುಹೋದ.

ಮನೆಯಲ್ಲಿ ಅತ್ತೆ ಬೀಗವನ್ನು ಅಂಗೈಯಲ್ಲಿ ತೂಗಿ ನೋಡಿದರು. ಒಳ್ಳೆ ಭಾರ ಇದೆ ಎಂದು ಅದರಿಂದಲೇ ನೆಗ್ಗಿಲು ಜಜ್ಜಲು ಕೂತರು. ಸೊಸೆ ಚೊಂಬು ತುಂಬ ನೀರು ತುಂಬಿಕೊಂಡು, ನಿಂತಲ್ಲೇ ಗಟಗಟ ಕುಡಿದಳು.